ಬಟ್ಟೆ ಚೂರುಗಳ ಡಬ್ಲಿನ್

ಟಕಟಕ ಟಕಟಕ ಎಂದು ಓಡುತ್ತಿದ್ದ ಹೊಲಿಗೆ ಮೆಷೀನು ನಿಂತರೆ ಪ್ರೀತಿಕಾಳಿಗೆ ಎಚ್ಚರವಾಗುತ್ತಿತ್ತು. ಬೇರೆಯವರ ಮಕ್ಕಳು ಸದ್ದಾದರೆ ಏಳುತ್ತವೆ. ಇವಳು ಸದ್ದು ನಿಂತರೆ ಏಳುವವಳು. ಕಡಬ ಪೇಟೆಯ ಆ ಸಣ್ಣ ಟೈಲರ್ ಅಂಗಡಿಯಲ್ಲಿ, ಬಟ್ಟೆ ಕತ್ತರಿಸುವ ಮೇಜಿನ ಕೆಳಗೆ, ಹಳೆಯ ಸೀರೆಯ ಮಡಿಕೆಯ ಮೇಲೆ ಮಲಗಿ ಬೆಳೆದ ಮಗು ಅದು. ಹಾಗಾಗಿ ಮಧ್ಯಾಹ್ನದ ಹೊತ್ತು ಕೈಯಲ್ಲಿದ್ದ ಕೆಲಸ ಮುಗಿದರೂ ಸೀತು ಸೂಜಿಯಿಂದ ದಾರ ಬಿಚ್ಚಿ, ಬಟ್ಟೆಯೇ ಇಲ್ಲದ ಮೆಷೀನನ್ನು ತುಳಿಯುತ್ತ ಕೂರುತ್ತಿದ್ದಳು.

ಎದುರಿನ ಫ್ಯಾನ್ಸಿ ಅಂಗಡಿಯ ಮಿಸ್ರಿಯಾ ಅದನ್ನು ಕಂಡು ರಸ್ತೆ ದಾಟಿ ಬಂದು ನಗುತ್ತಿದ್ದಳು.

"ಎಂತ ಸೀತಕ್ಕ, ಗಾಳಿಗೆ ಬ್ಲೌಸ್ ಹೊಲಿಯುದಾ?"

"ನಿನ್ನದೇ ಬ್ಲೌಸ್ ಮಾರಾಯ್ತಿ. ನಿನ್ನ ಅಳತೆಗೆ ಪೇಟೆಯಲ್ಲಿ ಬಟ್ಟೆ ಸಿಗ್ಲಿಲ್ಲ, ಗಾಳಿಯಾದರೂ ಸಾಕಾಗ್ತದಾ ನೋಡುವ ಅಂತ."

"ಅಯ್ಯೋ, ಬಾಯಿ ನೋಡಿ ಇವರದ್ದು!" ಎಂದು ಮಿಸ್ರಿಯಾ ಮೇಜಿನ ಕೆಳಗೆ ಬಗ್ಗಿ, ನಿದ್ದೆಯಲ್ಲಿದ್ದ ಹುಡುಗಿಯ ಕೆನ್ನೆ ಮುಟ್ಟಿ ಹೋಗುತ್ತಿದ್ದಳು.

ಪ್ರೀತಿಕಾ ಸೀತುವಿನ ಮಗಳಲ್ಲ. ತಂಗಿ ತೃಪ್ತಿಯ ಮಗಳು. ಆದರೆ ಆ ಮಾತನ್ನು ಪೇಟೆಯಲ್ಲಿ ಯಾರೂ ಆಡುತ್ತಿರಲಿಲ್ಲ, ಸೀತುವಿಗೂ ದಿನಕ್ಕೊಮ್ಮೆ ತಂಗಿಯ ಫೋನು ಬಂದಾಗ ಮಾತ್ರ ನೆನಪಾಗುತ್ತಿತ್ತು.

ಸೀತುವಿಗೆ ಮಕ್ಕಳನ್ನು ಸಾಕುವುದು ಹೊಸತಲ್ಲ. ತಾಯಿ ತೀರಿಕೊಂಡಾಗ ತೃಪ್ತಿಗೆ ಹತ್ತು ವರ್ಷ, ಸೀತುವಿಗೆ ಇಪ್ಪತ್ತೆರಡು. ಆಗ ಅವಳು ಪುತ್ತೂರಿನಲ್ಲಿ ಒಬ್ಬರ ಬಳಿ ಹೊಲಿಗೆ ಕಲಿಯುತ್ತಿದ್ದಳು. ಕಲಿಕೆ ಅರ್ಧಕ್ಕೆ ಬಿಟ್ಟು ಕಡಬಕ್ಕೆ ಬಂದು, ಶಾಲೆಯ ಯೂನಿಫಾರ್ಮುಗಳನ್ನು ಹೊಲಿಯುತ್ತ ಉಳಿದರ್ಧವನ್ನು ತಾನೇ ಕಲಿತಳು. ನೋಡಲು ಬಂದ ಗಂಡುಗಳಿಗೆಲ್ಲ ಅವಳು ಕೇಳಿದ್ದು ಒಂದೇ ಪ್ರಶ್ನೆ: "ನನ್ನ ಜೊತೆ ತಂಗಿಯೂ ಬಂದರೆ ಆಗ್ತದಾ?" ಕೆಲವರು ಆಗುವುದಿಲ್ಲ ಎಂದರು, ಕೆಲವರು ಆಲೋಚಿಸಿ ಹೇಳುತ್ತೇವೆ ಎಂದು ಹೋದರು. ತೃಪ್ತಿ ನರ್ಸಿಂಗ್ ಮುಗಿಸಿ ಕೆಲಸಕ್ಕೆ ಸೇರುವಷ್ಟರಲ್ಲಿ ಗಂಡುಗಳು ಬರುವುದು ನಿಂತಿತ್ತು. ಅಣ್ಣ ಕಿಟ್ಟಣ್ಣ ಪೇಟೆಯಲ್ಲಿ ಆಟೋ ಓಡಿಸುವವನು. ಹೆಂಡತಿ ಹೋದ ಮೇಲೆ ಅವನೂ ಸೀತುವಿನ ಅಡುಗೆಗೇ ಬಂದು ಸೇರಿದ. "ನಿನಗೆ ಮದುವೆಯಾಗದೆ ನನಗೆ ಅನ್ನ ಸಿಕ್ಕಿತು ನೋಡು" ಎಂದು ಅವನು ಕೊಂಕು ನುಡಿದರೆ ಸೀತು ಅವನ ಬಟ್ಟಲಿಗೆ ಇನ್ನೊಂದು ಸೌಟು ಗಂಜಿ ಹಾಕುತ್ತಿದ್ದಳು, ಅಷ್ಟೆ.

ತೃಪ್ತಿ ಕೆಲಸಕ್ಕೆಂದು ದೂರದ ಡಬ್ಲಿನ್ನಿಗೆ ಹೊರಟ ದಿನ ಅವಳ ಹಿರಿಮಗ ಸಂಪ್ರೀತನಿಗೆ ಐದು ವರ್ಷ. ಅವನಿಗೆ ಹೇಳಿ ಒಪ್ಪಿಸಿದ್ದರು. ಪ್ರೀತಿಕಾಳಿಗೆ ಒಂದೂವರೆ. ಅಷ್ಟು ಚಿಕ್ಕ ಮಕ್ಕಳಿಗೆ ಈ ಕಡೆ ಹೇಳಿ ಹೊರಡುವ ಕ್ರಮವಿಲ್ಲ. ಯಾರಾದರೂ ಒಬ್ಬರು ಮಗುವನ್ನು ಎತ್ತಿಕೊಂಡು ಹಿತ್ತಿಲಿಗೆ ಹೋಗಿ ಕೋಳಿಯನ್ನೋ ಕಾಗೆಯನ್ನೋ ತೋರಿಸಬೇಕು. ಅಷ್ಟರಲ್ಲಿ ಹೋಗುವವರು ಮುಂಬಾಗಿಲಿನಿಂದ ಹೊರಟುಬಿಡಬೇಕು. ಕಣ್ಣು ಮರೆಸಿ ಹೋಗುವುದು ಎನ್ನುತ್ತಾರೆ ಅದಕ್ಕೆ. ಹೇಳಿದರೆ ಮಗು ಅಳುತ್ತದೆ, ಅತ್ತರೆ ಹೊರಟವರ ಕಾಲು ಮುಂದೆ ಹೋಗುವುದಿಲ್ಲ, ಎಂಬುದು ಹಿರಿಯರ ಲೆಕ್ಕ. ಮಗುವನ್ನು ಹಿತ್ತಿಲಿಗೆ ಎತ್ತಿಕೊಂಡು ಹೋದವಳು ಸೀತುವೇ. ಒಂದು ಹೇಂಟೆ, ಅದರ ಹಿಂದೆ ಮರಿಗಳು. ಪ್ರೀತಿಕಾ ಕೈ ತಟ್ಟಿ ನಕ್ಕಳು. ಕಾರಿನ ಬಾಗಿಲು ಹಾಕಿದ ಸದ್ದು ಸೀತುವಿಗೆ ಕೇಳಿಸಿತು, ಮಗುವಿಗೆ ಕೇಳಿಸಲಿಲ್ಲ.

ಆಮೇಲೆ ಆ ಹುಡುಗಿ ಹಿತ್ತಿಲಿಗೆ ಕಾಲಿಡಲಿಲ್ಲ. ಯಾರೇ ಎತ್ತಿಕೊಂಡು ಅತ್ತ ತಿರುಗಿದರೂ ಬೆನ್ನು ಬಿಲ್ಲಿನಂತೆ ಮಣಿಸಿ ಕಿರುಚುತ್ತಿದ್ದಳು. ಸೀತು ಸ್ನಾನಕ್ಕೆ ಹೋದರೆ ಬಚ್ಚಲ ಬಾಗಿಲಿಗೆ ಒರಗಿ ಕೂರುವಳು. ಒಳಗಿನಿಂದ ಸೀತು ಏನಾದರೂ ಮಾತಾಡುತ್ತಲೇ ಮೈಗೆ ನೀರು ಹೊಯ್ದುಕೊಳ್ಳಬೇಕಿತ್ತು.

ಒಂದು ವರ್ಷದಲ್ಲಿ ಮಕ್ಕಳನ್ನು ಕರೆಸಿಕೊಳ್ಳುತ್ತೇನೆ ಎಂದಿದ್ದಳು ತೃಪ್ತಿ. ಅವಳು ಹೋದ ವರ್ಷವೇ ಕೊರೊನಾ ಬಂತು. ಅದು ಮುಗಿಯಿತು ಎನ್ನುವಾಗ ಕಾಗದಪತ್ರ, ಅದೂ ಆಯಿತು ಎನ್ನುವಾಗ ಬಾಡಿಗೆಗೆ ಮನೆ ಸಿಗದ ಕಷ್ಟ. ಗಂಡ ಶೈಲೇಶ್ ಹೋಗಿ ಸೇರಿಕೊಂಡ. ಇಬ್ಬರೂ ಒಂದು ಕೋಣೆಯಲ್ಲಿದ್ದರು. ತೃಪ್ತಿ ಅಲ್ಲಿ ಮುದುಕರ ಆರೈಕೆಯ ಮನೆಯೊಂದರಲ್ಲಿ ಕೆಲಸಕ್ಕಿದ್ದಳು. ಫೋನಿನಲ್ಲಿ ಅವಳ ಮುಖ ಬಂದಾಗ ಪ್ರೀತಿಕಾ ಎಷ್ಟು ಬೇಕೋ ಅಷ್ಟು ನೋಡಿ, "ಫೋನಿನ ಅಮ್ಮ, ನೀವು ಊಟ ಮಾಡಿದ್ರಾ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಆಟಕ್ಕೆ ಓಡುತ್ತಿದ್ದಳು.

ಮಗುವಿಗೆ ಆರು ತುಂಬುವ ವರ್ಷ, ಬೇಸಿಗೆ ರಜೆಯಲ್ಲಿ, ಆ ಫೋನು ಬಂತು.

"ಅಕ್ಕ, ಮನೆ ಸಿಕ್ಕಿತು. ಮಕ್ಕಳ ವೀಸಾ ಸಹ ಆಯ್ತು. ಆಗಸ್ಟಿನಲ್ಲಿ ನಾನೇ ಬರ್ತೇನೆ ಕರ್ಕೊಂಡು ಹೋಗ್ಲಿಕ್ಕೆ."

ಸೀತು "ಒಳ್ಳೆದಾಯ್ತು" ಎಂದಳು. ಮತ್ತೆ ಮತ್ತೆ ಅದನ್ನೇ ಅಂದಳು.

"ಒಂದು ಕೆಲಸ ನೀನು ಮಾಡ್ಬೇಕು ಅಕ್ಕ. ಅವರಿಗೆ ಈ ಊರು ಪರಿಚಯ ಮಾಡಿಸ್ಬೇಕು. ಸಂಪ್ರೀತನಿಗೆ ಅರ್ಥ ಆಗ್ತದೆ. ಸಣ್ಣದಕ್ಕೆ ನಾನು ಹೇಳಿದರೆ ಕಿವಿಗೆ ಹಾಕಿಕೊಳ್ಳುದಿಲ್ಲ. ನೀನು ಹೇಳಿದರೆ ಕೇಳ್ತಾಳೆ."

"ನಾನು ಮಂಗಳೂರು ದಾಟಿದವಳಲ್ಲ ಮಾರಾಯ್ತಿ. ನಾನೆಂತ ಡಬ್ಲಿನ್ ಹೇಳುದು?"

"ನಾನು ವಿಡಿಯೋ ಕಳಿಸ್ತೇನೆ. ಅವಳಿಗೆ ಆಸೆ ಹುಟ್ಟಬೇಕು ಅಕ್ಕ. ಇಲ್ಲದಿದ್ದರೆ ಅವಳು ನನ್ನ ಜೊತೆ ಬರುದಿಲ್ಲ, ನನಗೆ ಗೊತ್ತುಂಟು." ತೃಪ್ತಿಯ ದನಿ ಅಲ್ಲಿಗೆ ಸಣ್ಣದಾಯಿತು.

ಕೆಲಸ ಮುಗಿಸಿ ಮನೆಗೆ ನಡೆಯುವಾಗ ತೃಪ್ತಿ ಫೋನನ್ನು ಕೈಯಲ್ಲಿ ಹಿಡಿದು ಬೀದಿ ತೋರಿಸುತ್ತ ಹೋಗುತ್ತಿದ್ದಳು. ಪೇಟೆಯ ನಡುವೆ ಹರಿಯುವ ನದಿ, ಅದರ ಮೇಲೆ ಸೇತುವೆ, ಸೇತುವೆಯ ಕಂಬಿಯ ಮೇಲೆ ಕೂತ ಬಿಳಿ ಕಡಲಹಕ್ಕಿ. ಎರಡು ಮಾಳಿಗೆಯ ಬಸ್ಸು. ಒಂದೇ ಬಣ್ಣದ ಇಟ್ಟಿಗೆಯ ಉದ್ದ ಸಾಲು ಮನೆಗಳು, ಆದರೆ ಬಾಗಿಲು ಮಾತ್ರ ಒಂದೊಂದಕ್ಕೆ ಒಂದೊಂದು ಬಣ್ಣ. ಸೀತು ಅಂಗಡಿಯಲ್ಲಿ ಕೂತು ಅದನ್ನು ನಿಲ್ಲಿಸಿ ನಿಲ್ಲಿಸಿ ನೋಡಿದಳು. ಬಾಗಿಲುಗಳನ್ನು ನೋಡುವಾಗ ಅವಳ ಕೈ ತನ್ನಷ್ಟಕ್ಕೆ ಚೂರು ಬಟ್ಟೆಯ ಚೀಲದೊಳಗೆ ಹೋಯಿತು.

ಹೀಗೆ ಅಂಗಡಿಯ ನೆಲದ ಮೇಲೆ ಡಬ್ಲಿನ್ ಎದ್ದಿತು. ಸೀರೆಗೆ ಹೊಲಿಯುವ ನೀಲಿ ಫಾಲಿನ ಪಟ್ಟಿ ನದಿಯಾಯಿತು. ಕಾಲರಿಗೆ ಇಡುವ ಗಟ್ಟಿ ಬಕ್ರಮ್ ಬಗ್ಗಿಸಿದರೆ ಸೇತುವೆ. ಅಳತೆಯ ಟೇಪನ್ನು ಉದ್ದಕ್ಕೆ ಹಾಸಿದರೆ ಬೀದಿಯಲ್ಲೇ ಓಡುವ ಟ್ರಾಮಿನ ಹಳಿ. ದಾರದ ಖಾಲಿ ಉರುಳೆಗಳು ಮನೆ. ಅವಕ್ಕೆ ಬ್ಲೌಸಿನ ಚೂರುಗಳ ಬಾಗಿಲು, ಗಿಳಿ ಹಸಿರು, ಕುಂಕುಮ, ಅರಸಿನ, ನವಿಲಿನ ಕತ್ತು. ಪೇಟೆಯ ನಟ್ಟನಡುವೆ ಆಕಾಶಕ್ಕೆ ಚುಚ್ಚಿದ ಸೂಜಿಯಂಥ ಎತ್ತರದ ಕಂಬವೊಂದಿದೆ ಎಂದು ತೃಪ್ತಿ ತೋರಿಸಿದ್ದಳು. ಸೀತು ಒಂದು ದಬ್ಬಣವನ್ನು ಸಾಬೂನಿನ ತುಂಡಿಗೆ ಚುಚ್ಚಿ ನಿಲ್ಲಿಸಿದಳು. ಅದೊಂದನ್ನು ಮಾತ್ರ ಯಾರೂ ಮುಟ್ಟಬಾರದು.

"ಅಷ್ಟು ದೊಡ್ಡ ಸೂಜಿಯಲ್ಲಿ ಯಾರು ಹೊಲಿಯುದು ದೊಡ್ಡಮ್ಮ?" ಪ್ರೀತಿಕಾ ಕೇಳಿದಳು.

"ಅಲ್ಲಿ ಮೋಡ ಹರಿದೇ ಇರುದು. ಹೊಲಿದು ಹೊಲಿದು ಸಾಕಾಗಿ ಬಿಟ್ಟು ಹೋಗಿದ್ದಾರೆ. ಅದಕ್ಕೇ ಯಾವಾಗ ನೋಡಿದರೂ ಜಿಟಿಜಿಟಿ ಮಳೆ."

ಸಂಪ್ರೀತ ನಕ್ಕ. ಅವನಿಗೆ ಹತ್ತರ ಹತ್ತಿರ. ಕಿಟ್ಟಣ್ಣನ ಫೋನಿನಲ್ಲಿ ನೋಡಿ ಬಂದು ದೊಡ್ಡಮ್ಮನ ಊರನ್ನು ತಿದ್ದುತ್ತಿದ್ದ. "ಜಿಂಕೆಗಳ ಪಾರ್ಕು ಈ ಬದಿಯಲ್ಲಿ ಅಲ್ಲ, ಆ ಬದಿಯಲ್ಲಿ." ಸೀತು ಪಾರ್ಕನ್ನು ಎತ್ತಿ ಆ ಬದಿಗೆ ಇಡುತ್ತಿದ್ದಳು.

ಊಟಕ್ಕೆ ಕರೆಯಲು ಬಂದ ಕಿಟ್ಟಣ್ಣ ಬಾಗಿಲಲ್ಲೇ ಒಂದು ಹೆಜ್ಜೆ ಹೆಚ್ಚು ಇಟ್ಟ.

"ಅಯ್ಯೋ ಮಾವ! ನದಿಗೆ ಮೆಟ್ಟಿದ್ರಿ!"

"ನೀರು ಉಂಟಾ ಇದರಲ್ಲಿ? ಕಾಲು ತೊಳೆಯುವ ಅಂತ ಬಂದೆ." ಅವನು ಕುಕ್ಕರಗಾಲಲ್ಲಿ ಕೂತು ಊರನ್ನು ಪರಿಶೀಲಿಸಿದ. "ಎಲ್ಲ ಉಂಟು, ಆಟೋ ಸ್ಟ್ಯಾಂಡೇ ಇಲ್ಲ. ಈ ಊರು ಉದ್ಧಾರ ಆಗುದಿಲ್ಲ."

ಮನೆಯವರೆಲ್ಲರಿಗೂ ಒಂದೊಂದು ಗುಂಡಿ. ಅಪ್ಪನದು ಕಪ್ಪು, ಫೋನಿನ ಅಮ್ಮನದು ಕೆಂಪು, ಸಂಪ್ರೀತನದು ನೀಲಿ. ಪ್ರೀತಿಕಾ ತನಗೆ ಮುತ್ತಿನಂಥದೊಂದು ಹುಡುಕಿಕೊಂಡಳು. ಮತ್ತೆ ಗುಂಡಿಯ ಡಬ್ಬದ ತಳಕ್ಕೆ ಕೈ ಹಾಕಿ, ಕೋಟಿನ ಗುಂಡಿಯೊಂದನ್ನು, ಎಲ್ಲಕ್ಕಿಂತ ದೊಡ್ಡದನ್ನು, ತೆಗೆದಳು.

"ಇದು ನೀನು. ನೀನು ಎಲ್ಲಿ ಕೂರುದು?"

ಸೀತು ಯೋಚಿಸಲಿಲ್ಲ. ಆಟ ಸಾಗಬೇಕಿತ್ತು. "ನಾನು ಟ್ರಾಮ್ ಬಿಡುದು" ಎಂದಳು. ದೊಡ್ಡ ಗುಂಡಿಯನ್ನು ಹಸಿರು ಚೂರಿನ ಟ್ರಾಮಿನ ಮುಂದುಗಡೆ ಕೂರಿಸಿ, ಬಾಯಲ್ಲಿ ಗಂಟೆ ಬಾರಿಸಿದಳು. ಪ್ರೀತಿಕಾ ಮುತ್ತಿನ ಗುಂಡಿಯನ್ನು ಅದಕ್ಕೆ ಒತ್ತಿ ಇಟ್ಟಳು. ಅಂದಿನಿಂದ ಡಬ್ಲಿನ್ನಿನಲ್ಲಿ ಟ್ರಾಮ್ ಬಿಡುವವಳೂ ಸೀತು, ಅಂಗಡಿಯಲ್ಲಿ ಬ್ರೆಡ್ಡು ಮಾರುವವಳೂ ಸೀತು, ಶಾಲೆಯ ಟೀಚರೂ ಸೀತು. ಸಂಜೆ ನಾಲ್ಕಕ್ಕೇ ಕತ್ತಲಾಗುವ ಚಳಿಗಾಲದಲ್ಲಿ ಮಕ್ಕಳನ್ನು ಕೈಹಿಡಿದು ಮನೆಗೆ ತಲುಪಿಸುವವಳೂ ಅವಳೇ.

ಮಳೆ ಹಿಡಿಯುವ ಹೊತ್ತಿಗೆ ಮಗುವಿಗೆ ಆಸೆ ಹುಟ್ಟಿತ್ತು. ಅಂಗಡಿಗೆ ಬಂದವರಿಗೆಲ್ಲ "ನಾವು ಡಬ್ಲಿನ್ನಿಗೆ ಹೋಗುದು" ಎಂದು ಹೇಳುತ್ತಿದ್ದಳು. ನಾವು ಎಂದರೆ ಅವಳು ಮತ್ತು ಅಣ್ಣ ಎಂದು ಸೀತು ತಿಳಿದಿದ್ದಳು. ಬಂದವರು ಹೋದ ಮೇಲೆ ಒಮ್ಮೊಮ್ಮೆ ಅವಳು ಮೆಷೀನಿನ ಮೇಲೆ ಕೈಯಿಟ್ಟು ಸುಮ್ಮನೆ ಕೂರುತ್ತಿದ್ದಳು. ಹೇಳಿದ ಕೆಲಸವನ್ನು ಚೆನ್ನಾಗಿ ಮಾಡಿದ್ದಳು. ಯೂನಿಫಾರ್ಮು ಹೊಲಿಯುವಾಗಲೂ ಹಾಗೆಯೇ, ಬಿಚ್ಚಲು ಬರದಂತೆ ಎರಡು ಸಲ ಹೊಲಿಯುವವಳು ಅವಳು.

ಶುಭಕ್ಕಾಗದ ಆಟಿ ತಿಂಗಳಲ್ಲಿ ಮಕ್ಕಳನ್ನು ಹೊರಡಿಸುವುದು ಬೇಡ ಎಂದು ಕಿಟ್ಟಣ್ಣ ಹಟ ಹಿಡಿದಿದ್ದರಿಂದ ಟಿಕೇಟು ಅದರ ಮುಂದಿನ ಸೋಣ ತಿಂಗಳು ಹಿಡಿದ ಮೇಲಕ್ಕೆ ಆಗಿತ್ತು. ತೃಪ್ತಿ ಅದಕ್ಕೆ ಎರಡು ವಾರ ಮೊದಲೇ ಬಂದಳು. ಕೂದಲು ಕತ್ತರಿಸಿದ್ದಳು, ಕಣ್ಣ ಕೆಳಗೆ ಕಪ್ಪಾಗಿತ್ತು. ಕಾರಿನಿಂದ ಇಳಿದವಳೇ ಮೊಣಕಾಲೂರಿ ಎರಡೂ ಕೈ ಚಾಚಿದಳು. ಸಂಪ್ರೀತ ನಾಚುತ್ತ ಹೋಗಿ ಅಪ್ಪಿಕೊಂಡ. ಪ್ರೀತಿಕಾ ಸೀತುವಿನ ಸೆರಗಿನ ಹಿಂದೆ ನಿಂತು, ನೆಂಟರನ್ನು ಮಾತಾಡಿಸುವ ಹಾಗೆ, "ನೀವು ಯಾವಾಗ ಹೊರಟದ್ದು?" ಎಂದು ಕೇಳಿದಳು. ತೃಪ್ತಿ ನಕ್ಕಳು. ನಗುತ್ತಲೇ ಕೈಕಾಲು ತೊಳೆಯಲು ಒಳಗೆ ಹೋದಳು. ಬಚ್ಚಲಲ್ಲಿ ನೀರು ಬೀಳುವ ಸದ್ದು ಬಹಳ ಹೊತ್ತು ನಿಲ್ಲಲೇ ಇಲ್ಲ.

ಸಂಜೆ ಪೆಟ್ಟಿಗೆ ಬಿಚ್ಚಿದರು. ಮಕ್ಕಳಿಗೆ ದಪ್ಪ ಕೋಟುಗಳು ಬಂದಿದ್ದವು. ಪ್ರೀತಿಕಾ ಗುಲಾಬಿ ಬಣ್ಣದ್ದನ್ನು ಹಾಕಿಕೊಂಡು, ಟೋಪಿ ಏರಿಸಿ, ಚಾವಡಿಯ ತುಂಬ ಸುತ್ತಿದಳು. ಸುತ್ತಿ ಬಂದು ಪೆಟ್ಟಿಗೆಯೊಳಗೆ ಬಗ್ಗಿ ಹುಡುಕತೊಡಗಿದಳು.

"ಎಂತ ಬೇಕು ಪುಟ್ಟಾ?" ತೃಪ್ತಿ ಕೇಳಿದಳು.

"ದೊಡ್ಡಮ್ಮನ ಕೋಟು ಎಲ್ಲಿ?"

ಕಿಟ್ಟಣ್ಣ ಕೆಮ್ಮಿದ.

"ಅಲ್ಲಿ ಚಳಿ ಅಲ್ವಾ? ಟ್ರಾಮ್ ಬಿಡುವಾಗ ದೊಡ್ಡಮ್ಮನಿಗೆ ಗಾಳಿ ಹೊಡಿತದೆ. ಅವಳಿಗೆ ತರ್ಲಿಲ್ವಾ ನೀವು?"

ಮೂರು ತಿಂಗಳು ಆ ಮಗು ಆಸೆಪಟ್ಟದ್ದು ಯಾವ ಊರಿಗೆ ಎಂಬುದು ಸೀತುವಿಗೆ ಈಗ ತಿಳಿಯಿತು. ಅಂಥ ಊರು ಎಲ್ಲಿಯೂ ಇರಲಿಲ್ಲ. ಸೀತುವನ್ನು ತೆಗೆದರೆ ಆ ನದಿ, ಸೇತುವೆ, ಬಣ್ಣದ ಬಾಗಿಲು ಎಲ್ಲ ಮಗುವಿನ ಮಟ್ಟಿಗೆ ಬರಿಯ ಚೂರು ಬಟ್ಟೆ.

"ಬರ್ತದೆ" ಎಂದಳು ತೃಪ್ತಿ, ಅವಸರದಲ್ಲಿ. "ದೊಡ್ಡಮ್ಮನದ್ದು ಪಾರ್ಸೆಲ್ಲಿನಲ್ಲಿ ಬರ್ತದೆ."

ಮಕ್ಕಳು ಹೊರಗೆ ಓಡಿದ ಮೇಲೆ ಮೂವರೂ ಅಡುಗೆಮನೆಯಲ್ಲಿ ನಿಂತರು. ತೃಪ್ತಿ ತಗ್ಗಿದ ದನಿಯಲ್ಲಿ ಹೇಳಿದಳು: "ಅವಳಿಗೆ ಈಗ ಎಂತದೂ ಹೇಳ್ಬೇಡ ಅಕ್ಕ. ಹೊರಡುವ ದಿನ ನೀನು ಹಿಂದಿನ ಕಾರಿನಲ್ಲಿ ಬರ್ತಿ ಅಂತ ಹೇಳುವ. ಏರ್‌ಪೋರ್ಟಿನ ಒಳಗೆ ಹೋದ ಮೇಲೆ ನಾನು ಹೇಗಾದ್ರೂ ಸುಧಾರಿಸ್ತೇನೆ."

"ಅದೇ ಸರಿ" ಎಂದ ಕಿಟ್ಟಣ್ಣ. "ಮಕ್ಕಳಿಗೆ ಎಂತ? ಎರಡು ದಿನ ಕೂಗ್ತಾವೆ, ಮೂರನೇ ದಿನ ಐಸ್‌ಕ್ರೀಮ್ ಕೇಳ್ತಾವೆ."

"ಒಂದು ಸಲ ಹಾಗೆ ಮಾಡಿ ಆಗಿದೆ ಅಲ್ವಾ?" ಎಂದಳು ಸೀತು.

"ಅದಕ್ಕೆಂತ ಆಯ್ತು? ಬೆಳೀಲಿಲ್ವಾ ಅವಳು?"

"ಬೆಳೆದಳು. ನಾನು ಸ್ನಾನ ಮಾಡುವಾಗ ಈಗಲೂ ಬಾಗಿಲ ಹೊರಗೆ ಕೂರ್ತಾಳೆ. ನಿನಗೆ ಗೊತ್ತುಂಟಾ ಅದು?" ಇದನ್ನು ಅವಳು ಹೇಳಿದ್ದು ಕಿಟ್ಟಣ್ಣನಿಗೆ, ಆದರೆ ಮುಖ ತಿರುಗಿಸಿದವಳು ತೃಪ್ತಿ.

"ನೀನು ಹೇಳಿದರೆ ಅವಳು ವಿಮಾನ ಹತ್ತುದಿಲ್ಲ" ಎಂದಳು ತೃಪ್ತಿ. ಸ್ವಲ್ಪ ತಡೆದು, "ಅವಳು ಹತ್ತದಿದ್ದರೆ ನಿನಗೆ ಬೇಸರ ಇಲ್ಲ ಬಿಡು" ಎಂದೂ ಅಂದಳು. ಅಂದ ಕೂಡಲೇ ಅಕ್ಕನ ಕೈ ಹಿಡಿದಳು. ಸೀತು ಕೈಯನ್ನು ಬಿಡಿಸಿಕೊಳ್ಳಲಿಲ್ಲ. ಆ ಮಾತಿನಲ್ಲಿ ಸುಳ್ಳಿರಲಿಲ್ಲ ಎಂಬುದು ಅವಳಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಮಗು ರಚ್ಚೆ ಹಿಡಿದು, ಹೋಗುವುದೇ ಇಲ್ಲ ಎಂದು ಕಂಬ ತಬ್ಬಿಕೊಂಡು, ಕೊನೆಗೆ ತೃಪ್ತಿ ಸೋತು "ಇನ್ನೊಂದು ವರ್ಷ ಇರಲಿ ಅಕ್ಕ" ಎನ್ನುವುದನ್ನು ಅವಳು ಎಷ್ಟು ಸಲ ಕಣ್ಣ ಮುಂದೆ ಕಂಡಿದ್ದಳೋ.

ಮರುದಿನ ಮಧ್ಯಾಹ್ನ ಅಂಗಡಿಯ ಬಾಗಿಲನ್ನು ಅರ್ಧ ಮುಚ್ಚಿ, ಸೀತು ನೆಲದ ಮೇಲೆ ಡಬ್ಲಿನ್ನನ್ನು ಹಾಸಿದಳು. ಪ್ರೀತಿಕಾ ಗುಂಡಿಗಳನ್ನು ಟ್ರಾಮಿಗೆ ಹತ್ತಿಸಿದಳು. ಸೀತು ದೊಡ್ಡ ಗುಂಡಿಯನ್ನು ಎತ್ತಿ ಮೆಷೀನಿನ ಮೇಲಿಟ್ಟಳು.

"ನಾನು ಇಲ್ಲಿ ಇರುದು ಪುಟ್ಟಾ."

ಪ್ರೀತಿಕಾ ಎದ್ದು ಹೋಗಿ ಗುಂಡಿಯನ್ನು ತಂದು ಟ್ರಾಮಿನಲ್ಲಿ ಕೂರಿಸಿದಳು. ಸೀತು ಮತ್ತೆ ಎತ್ತಿಟ್ಟಳು. ಮಗು ಮತ್ತೆ ತಂದಿತು, ಈ ಸಲ ನಗುತ್ತ, ಇದೊಂದು ಹೊಸ ಆಟವೆಂಬಂತೆ.

"ಕೇಳು. ಇದು ಆಟ ಅಲ್ಲ. ಅಲ್ಲಿ ಟ್ರಾಮ್ ಬೇರೆ ಯಾರೋ ಬಿಡ್ತಾರೆ. ನಾನು ಬರುದಿಲ್ಲ. ನೀನು, ಅಣ್ಣ, ಅಮ್ಮ, ಅಪ್ಪ. ಅಷ್ಟೇ ಜನ."

"ನಂತರ ಬರ್ತಿಯಾ?"

ಬರುತ್ತೇನೆ ಎಂಬ ಮಾತು ಸೀತುವಿನ ನಾಲಗೆಯ ತುದಿಯಲ್ಲಿತ್ತು. ಎಷ್ಟು ಸಣ್ಣ ಮಾತು. "ಇಲ್ಲ" ಎಂದಳು. "ನೀನು ರಜೆಯಲ್ಲಿ ಬಾ. ನಾನು ಇಲ್ಲೇ ಇರ್ತೇನೆ."

"ಕೋಟು?"

"ಕೋಟು ಬರುದಿಲ್ಲ. ನಿನಗೆ ಬೇಜಾರಾಗ್ತದೆ ಅಂತ ಅಮ್ಮ ಹಾಗೆ ಹೇಳಿದ್ದು. ನಾನು ನಿನಗೆ ಸುಳ್ಳು ಹೇಳುದಿಲ್ಲ."

"ನೀನು ಹೇಳಿದ್ದಿ" ಎಂದಳು ಪ್ರೀತಿಕಾ. "ಟ್ರಾಮ್ ಬಿಡುದು ಅಂತ ನೀನೇ ಹೇಳಿದ್ದಿ."

ಮಗು ಅಳಲಿಲ್ಲ. ಬಗ್ಗಿ, ನೀಲಿ ನದಿಯನ್ನು ಒಂದು ತುದಿಯಿಂದ ಹಿಡಿದು ಎಳೆದಳು. ಸೇತುವೆ ಬಿತ್ತು, ಮನೆಗಳು ಉರುಳಿ ಮೇಜಿನ ಕೆಳಗೆ ಹೋದವು. ಅವಳು ಎಲ್ಲವನ್ನೂ, ಒಂದು ಬಾಗಿಲನ್ನೂ ಬಿಡದೆ, ಹೆಕ್ಕಿ ಚೂರು ಬಟ್ಟೆಯ ಚೀಲಕ್ಕೆ ತುಂಬಿದಳು. ಸೂಜಿಯನ್ನು ಮಾತ್ರ ಮುಟ್ಟಲಿಲ್ಲ, ಅದನ್ನು ಮುಟ್ಟಬಾರದೆಂದು ಹೇಳಿದ್ದರಲ್ಲ. ಆಮೇಲೆ ಚಪ್ಪಲಿಯನ್ನೂ ಹಾಕದೆ ಮನೆಯ ಕಡೆ ನಡೆದಳು. ಸೀತು ಹತ್ತು ಹೆಜ್ಜೆ ಹಿಂದೆ, ಅವಳ ಚಪ್ಪಲಿಗಳನ್ನು ಕೈಯಲ್ಲಿ ಹಿಡಿದು ಹೋದಳು. ಚಾವಡಿಯಲ್ಲಿ ತೃಪ್ತಿ ಬಟ್ಟೆ ಮಡಚುತ್ತಿದ್ದಳು. ಮಗು ಹೋಗಿ ಅವಳ ತೊಡೆಯ ಮೇಲೆ ಕೂತು, ಬೆನ್ನನ್ನು ಸೀತುವಿನ ಕಡೆಗೆ ಮಾಡಿತು.

ತೃಪ್ತಿ ಮಡಚುತ್ತಿದ್ದ ಬಟ್ಟೆಯನ್ನು ಕೈಯಲ್ಲೇ ಹಿಡಿದು ಅಲುಗಾಡದೆ ಕೂತಳು, ಹೆಗಲ ಮೇಲೆ ಹಕ್ಕಿ ಬಂದು ಕೂತವರ ಹಾಗೆ.

ಹೊರಡುವವರೆಗಿನ ದಿನಗಳಲ್ಲಿ ಪ್ರೀತಿಕಾ ಸ್ನಾನ ಮಾಡಿಸಿಕೊಂಡದ್ದು ತೃಪ್ತಿಯ ಕೈಯಿಂದ, ಜಡೆ ಹಾಕಿಸಿಕೊಂಡದ್ದು ತೃಪ್ತಿಯ ಕೈಯಿಂದ. ಜಡೆ ಸೊಟ್ಟಗಿತ್ತು. ಸೀತು ಸರಿಮಾಡಲು ಹೋದರೆ ತಲೆ ಕೊಡವುತ್ತಿದ್ದಳು. "ಅಮ್ಮ" ಎನ್ನುವಾಗ ಒಂದಿಷ್ಟು ಜೋರಾಗಿಯೇ ಅನ್ನುತ್ತಿದ್ದಳು, ಅಡುಗೆಮನೆಗೆ ಕೇಳಿಸಬೇಕೆಂದು. ಸೀತು ಬಚ್ಚಲಿಗೆ ಹೋದಾಗ ಅಭ್ಯಾಸದಿಂದ ಏನೋ ಮಾತಾಡತೊಡಗಿ, ಹೊರಗೆ ಯಾರೂ ಇಲ್ಲವೆಂದು ನೆನಪಾಗಿ, ನಿಲ್ಲಿಸಿದಳು.

ಹೋಗುವ ದಿನ ಮಿಸ್ರಿಯಾ ಅಂಗಡಿ ಬಿಟ್ಟು ಬಂದು ಮಕ್ಕಳಿಗೆ ಬಳೆ, ಚಾಕಲೇಟು ಕೊಟ್ಟಳು. ಸಂಪ್ರೀತ ದೊಡ್ಡಮ್ಮನ ಕಾಲು ಮುಟ್ಟಿ, ಏಳಲಾರದೆ ಅಲ್ಲೇ ಕೂತು ಅತ್ತ. ಪ್ರೀತಿಕಾ ಕಾರಿನ ಆ ಬದಿಯ ಕಿಟಕಿಗೆ ಹೋಗಿ ಕೂತಿದ್ದಳು. ಕಾರು ತಿರುವು ದಾಟುವವರೆಗೂ ಕಂಡದ್ದು ಸೊಟ್ಟ ಜಡೆ ಮಾತ್ರ.

ಮಂಗಳೂರಿಗೆ ಬಿಟ್ಟು ಬಂದ ಕಿಟ್ಟಣ್ಣ ಹೇಳಿದ: "ನೋಡಿದೆಯಾ, ಕೂಗಲೇ ಇಲ್ಲ. ಅಮ್ಮನ ಕೈ ಹಿಡಿದು ಸೀದಾ ಒಳಗೆ ಹೋದಳು. ನಾವು ಸುಮ್ಮನೆ ಹೆದರಿದ್ದು."

ಸೀತು ಅವನಿಗೆ ಊಟ ಬಡಿಸಿದಳು.

ಆ ಮೇಲಿನ ಫೋನುಗಳಲ್ಲಿ ಸಂಪ್ರೀತ ಮಾತ್ರ ಬರುತ್ತಿದ್ದ. ಕಡಲಹಕ್ಕಿ ಅವನ ಕೈಯಿಂದ ಬ್ರೆಡ್ಡು ಕಿತ್ತುಕೊಂಡಿತಂತೆ. ಜಿಂಕೆಗಳನ್ನು ನೋಡಿ ಬಂದನಂತೆ. ಪಾರ್ಕು ಅವನು ಹೇಳಿದ ಬದಿಯಲ್ಲೇ ಇದೆಯಂತೆ. "ತಂಗಿ?" ಎಂದರೆ, "ಅವಳು ಬರುದಿಲ್ಲವಂತೆ ದೊಡ್ಡಮ್ಮ." ಸೀತು ಶಾಲೆಗಳ ಯೂನಿಫಾರ್ಮು ಮುಗಿಸಿದಳು, ನವರಾತ್ರಿಯ ಬ್ಲೌಸುಗಳನ್ನು ಒಪ್ಪಿಕೊಂಡಳು. ಮಧ್ಯಾಹ್ನ ಮೆಷೀನನ್ನು ಯಾವಾಗ ಬೇಕಾದರೂ ನಿಲ್ಲಿಸಬಹುದಿತ್ತು.

ಅಕ್ಟೋಬರಿನ ಒಂದು ಮಧ್ಯಾಹ್ನ ಊಟಕ್ಕೆ ಕೂತಿದ್ದಾಗ ಕಿಟ್ಟಣ್ಣನ ಫೋನು ಬಡಿಯಿತು. ಅಲ್ಲಿ ಬೆಳಿಗ್ಗೆ. ತೃಪ್ತಿ ಕೆಲಸದ ಬಟ್ಟೆಯಲ್ಲಿದ್ದಳು, ದನಿ ಒಡೆದಿತ್ತು.

"ಅಕ್ಕ, ನಿನ್ನೆ ಮಧ್ಯಾಹ್ನದಿಂದ ಇವಳು ಒಂದು ತುತ್ತು ತಿನ್ನಲಿಲ್ಲ. ಶಾಲೆಯಲ್ಲಿ ಯಾರೋ ಎಂತದೋ ಹೇಳಿದ್ದಾರೆ, ನನ್ನ ಹತ್ತಿರ ಹೇಳುದಿಲ್ಲ. ಬಸ್ಸು ಬೇಕು, ಬಸ್ಸು ಬೇಕು ಅಂತಾಳೆ. ಯಾವ ಬಸ್ಸು? ನನಗೆ ಡ್ಯೂಟಿಗೆ ಹೊತ್ತಾಯ್ತು. ನೀನು ಒಂದು ಮಾತು ಹೇಳು ಅಕ್ಕ, ನಿನಗೆ ದಮ್ಮಯ್ಯ."

ಯಾವ ಬಸ್ಸು ಎಂಬುದು ಸೀತುವಿಗೆ ಗೊತ್ತಿತ್ತು. ಮಗು ಊಟಕ್ಕೆ ಹಟ ಮಾಡಿದಾಗಲೆಲ್ಲ ಅವಳು ತುತ್ತಿಗೊಂದು ಸ್ಟಾಪು ಹೇಳಿ ಉಣ್ಣಿಸುತ್ತಿದ್ದಳು. ಕಡಬದಲ್ಲಿ ಹತ್ತಿದರೆ ಮರ್ದಾಳಕ್ಕೆ ಒಂದು ತುತ್ತು, ಕೈಕಂಬಕ್ಕೆ ಒಂದು, ಕುಲ್ಕುಂದಕ್ಕೆ ಒಂದು. ಸುಬ್ರಹ್ಮಣ್ಯ ಮುಟ್ಟುವಾಗ ಬಟ್ಟಲು ಖಾಲಿ.

ಪರದೆಯಲ್ಲಿ ಪ್ರೀತಿಕಾ ಬಂದಳು. ಬೆಳ್ಳಗಾಗಿದ್ದಳು, ತೆಳ್ಳಗಾಗಿದ್ದಳು. ಮುಂದೆ ಬಟ್ಟಲಲ್ಲಿ ಏನೋ ಆರುತ್ತಿತ್ತು. ಎರಡು ತಿಂಗಳಿನಿಂದ ಸೀತು ಕಾದಿದ್ದ ಮುಖ.

"ದೊಡ್ಡಮ್ಮ" ಎಂದಳು. "ನೀನು ಹೇಳಿದರೆ ತಿಂತೇನೆ. ನೀನು ಹೇಳಿದರೆ ಮಾತ್ರ."

ಸೀತುವಿನ ಎಡಗೈ ಫೋನನ್ನು ಹಿಡಿದಿತ್ತು, ಬಲಗೈಯಲ್ಲಿ ಅನ್ನ ಅಂಟಿತ್ತು. ಬಾಯಿ ತೆರೆದಳು. ಮರ್ದಾಳ ಎಂದರೆ ಸಾಕು. ಮಗು ಬಾಯಿ ತೆರೆಯುತ್ತಿತ್ತು. ನಾಳೆಯೂ ತೆರೆಯುತ್ತಿತ್ತು, ಸೀತು ಹೇಳಿದರೆ. ನಾಡಿದ್ದೂ. ಅಲ್ಲಿ ತಾಯಿ ಬಟ್ಟಲು ಹಿಡಿದು ನಿಂತಿರುತ್ತಿದ್ದಳು, ಇಲ್ಲಿ ಸೀತು ಉಣ್ಣಿಸುತ್ತಿದ್ದಳು, ಅಷ್ಟು ಸಮುದ್ರಗಳನ್ನು ದಾಟಿ.

"ಪುಟ್ಟಾ, ಆ ಬಸ್ಸು ಅಮ್ಮನಿಗೆ ಗೊತ್ತಿಲ್ಲ" ಎಂದಳು. "ನಿನಗೆ ಗೊತ್ತುಂಟಲ್ಲ? ನೀನು ಅವಳಿಗೆ ಹೇಳಿಕೊಡು."

"ಇಲ್ಲ, ನೀನು! ನೀನೇ ಹೇಳು! ದೊಡ್ಡಮ್ಮ, ಮೊದಲು ಎಲ್ಲಿ ನಿಲ್ಲುದು?"

ಸೀತು ಫೋನನ್ನು ಕಿಟ್ಟಣ್ಣನ ಕೈಗೆ ಕೊಟ್ಟು ಎದ್ದಳು.

"ಎಂತದು ಮಾರಾಯ್ತಿ?" ಕಿಟ್ಟಣ್ಣ ತಬ್ಬಿಬ್ಬಾದ. "ಮಗು ಕರೀತದೆ. ಒಂದು ಮಾತು ಹೇಳ್ಲಿಕ್ಕೆ ನಿನಗೆಂತ ರೋಗ?"

ಅವಳು ಕೈ ತೊಳೆಯಲಿಲ್ಲ. ಚಾವಡಿ ದಾಟಿದಳು, ಮೆಟ್ಟಿಲು ಇಳಿದಳು. ಹಿಂದಿನಿಂದ ಮಗುವಿನ ಅಳು, ಅದರ ನಡುವೆ ತೃಪ್ತಿಯ ದನಿ: "ಅಕ್ಕ? ಅಕ್ಕ ಎಲ್ಲಿ ಹೋದಳು ಕಿ‌ಟ್ಟಣ್ಣ?" ಮತ್ತೆ ಸ್ವಲ್ಪ ಬಿಟ್ಟು, ಅಳುತ್ತಿರುವ ಮಗುವಿನ ಹತ್ತಿರ ಬಗ್ಗಿ ಕೇಳಿದಂತೆ, "ಸರಿ, ಯಾವ ಬಸ್ಸು ಅದು? ನನಗೆ ಹೇಳು. ನಾನು ಹತ್ತಬಹುದಾ?"

ಮಗು ಏನೋ ಅಂದಿತು. ಸರಿಯಾಗಿ ಕೇಳಿಸಲಿಲ್ಲ. ಕೇಳಿಸಿಕೊಳ್ಳಲು ನಿಂತರೆ ತಾನು ಹಿಂದಿರುಗುತ್ತೇನೆ ಎಂದು ಸೀತುವಿಗೆ ಗೊತ್ತಿತ್ತು. ಅವಳು ಬಲಗೈಯನ್ನು ಸೆರಗಿಗೆ ತಾಗದಂತೆ ಎತ್ತಿ ಹಿಡಿದು, ಬಿಸಿಲಲ್ಲಿ, ಪೇಟೆಯ ರಸ್ತೆಯ ಕಡೆಗೆ ಬೇಗ ಬೇಗ ನಡೆದಳು. ಕಿಟ್ಟಣ್ಣ ಬಾಗಿಲಿಗೆ ಬಂದು, ಫೋನನ್ನು ಮೇಲೆತ್ತಿ, ಅವಳನ್ನು ಕರೆಯುತ್ತಲೇ ಇದ್ದ.